ಖರ್ಚುಪಟ್ಟಿಯಲ್ಲಿ ‘ಐಸಿಜಿ’ ಎಂಬ ಸಾಲು



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳ ಜೊತೆ ಆಸ್ಪತ್ರೆಯ ಅಂದಾಜು ಖರ್ಚುಪಟ್ಟಿ ಇರುತ್ತದೆ. ಕ್ಯಾನ್ಸರ್ ಆಪರೇಷನ್ನಿನ ಕೆಲವು ಪಟ್ಟಿಗಳಲ್ಲಿ ಈಗ ‘ಐಸಿಜಿ’ ಎಂಬ ಸಾಲು ಕಾಣುತ್ತಿದೆ. ಇದು ಅಗತ್ಯವೇ ಎಂದು ಹಲವರು ಕೇಳಿದ್ದಾರೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ದುಡಿದವನು. ಆದರೆ ಅರ್ಥವಾಗದ ಸಾಲಿಗೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಆದ್ದರಿಂದ ತಿಳಿದುಕೊಂಡಷ್ಟನ್ನು ಇಲ್ಲಿ ಹೇಳುತ್ತೇನೆ.

ಐಸಿಜಿ ಎಂದರೆ ಇಂಡೋಸಯನೈನ್ ಗ್ರೀನ್ ಎಂಬ ಹಸಿರು ಬಣ್ಣದ್ರವ್ಯ. ಫೋಟೋ ಫಿಲ್ಮಿಗೆ ಹೆಸರಾದ ಕೊಡಕ್ ಕಂಪನಿಯಲ್ಲಿ ತಯಾರಾದ ಇದಕ್ಕೆ 1959ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಬಳಕೆಗೆ ಅನುಮತಿ ಸಿಕ್ಕಿತು.

ಕತ್ತಲಲ್ಲಿ ಬೆರಳಿಗೆ ಟಾರ್ಚ್ ಒತ್ತಿ ಹಿಡಿದರೆ ಕೆಂಪು ಬೆಳಕಷ್ಟೇ ದಾಟಿ ಬರುತ್ತದೆ. ಉಳಿದ ಬಣ್ಣಗಳನ್ನು ಬಹುಪಾಲು ರಕ್ತ ಹೀರಿಕೊಳ್ಳುತ್ತದೆ. ಕೆಂಪಿನಾಚೆಗಿನ, ಕಣ್ಣಿಗೆ ಕಾಣದ ಬೆಳಕು ಇನ್ನೂ ಸುಲಭವಾಗಿ ದಾಟುತ್ತದೆ. ಐಸಿಜಿ ಸುಮಾರು 800 ನ್ಯಾನೋಮೀಟರಿನ ಬೆಳಕನ್ನು ಹೀರಿ, 830ರ ಆಸುಪಾಸಿನ ಬೆಳಕನ್ನು ಹೊರಸೂಸುತ್ತದೆ. ವಿಶೇಷ ಕ್ಯಾಮೆರಾ ಅದನ್ನು ಹಿಡಿದು ಪರದೆಯ ಮೇಲೆ ತೋರಿಸುತ್ತದೆ.

ಕರುಳಿನ ರೋಗವಿರುವ ಭಾಗ ಕತ್ತರಿಸಿ ಎರಡು ತುದಿಗಳನ್ನು ಜೋಡಿಸುವಾಗ ಆ ತುದಿಗಳಿಗೆ ರಕ್ತ ಚೆನ್ನಾಗಿ ಹರಿಯಬೇಕು. ಇಲ್ಲದಿದ್ದರೆ ಜೋಡಣೆ ಸೋರಿ, ಪ್ರಾಣಕ್ಕೇ ಅಪಾಯ. ರಕ್ತನಾಳಕ್ಕೆ ಐಸಿಜಿ ಕೊಟ್ಟರೆ ರಕ್ತ ತಲುಪಿದ ಭಾಗ ಬೆಳಗುತ್ತದೆ, ತಲುಪದ ಭಾಗ ಕತ್ತಲಾಗಿಯೇ ಉಳಿಯುತ್ತದೆ. ಸ್ತನ ಕ್ಯಾನ್ಸರಿನಲ್ಲಿ, ರೋಗ ಮೊದಲು ತಲುಪಬಹುದಾದ ಕಂಕುಳಿನ ಗ್ರಂಥಿಯನ್ನು ಇದು ತೋರಿಸುತ್ತದೆ. ಅದರಲ್ಲಿ ರೋಗವಿಲ್ಲದಿದ್ದರೆ ಉಳಿದ ಗ್ರಂಥಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಮುಂದೆ ತೋಳು ಬಾತುಕೊಳ್ಳುವ ಸಂಭವ ಕಡಿಮೆಯಾಗುತ್ತದೆ.

ಇದಕ್ಕೆ ಮಿತಿಗಳೂ ಇವೆ. ಸುಮಾರು ಒಂದು ಸೆಂಟಿಮೀಟರಿಗಿಂತ ಆಳದಲ್ಲಿರುವುದು ಸರಿಯಾಗಿ ಕಾಣದು. ಇದು ಕ್ಯಾನ್ಸರ್ ಕೋಶವನ್ನೇ ಹುಡುಕಿ ಅಂಟಿಕೊಳ್ಳುವ ದ್ರವ್ಯವಲ್ಲ. ಅಂಥದ್ದೊಂದು, ಪಾಫೊಲಾಸಯನೈನ್, ಅಂಡಾಶಯದ ಕ್ಯಾನ್ಸರ್ ಆಪರೇಷನ್ನಿಗಾಗಿ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಿದೆ. ಐಸಿಜಿ ಪುಡಿಯಲ್ಲಿ ಅಯೋಡೈಡ್ ಇರುವುದರಿಂದ ಅಯೋಡಿನ್ ಅಲರ್ಜಿ ಇರುವವರು ವೈದ್ಯರಿಗೆ ಮೊದಲೇ ಹೇಳಬೇಕು.

ಆದ್ದರಿಂದ ಈ ಸಾಲನ್ನು ಕಂಡ ಕೂಡಲೇ ಹೊಡೆದುಹಾಕುವುದೂ ಬೇಡ, ಕಣ್ಣುಮುಚ್ಚಿ ಒಪ್ಪುವುದೂ ಬೇಡ. ಈ ರೋಗಿಗೆ ಇದು ಏಕೆ ಬೇಕೆಂದು ಸರ್ಜನ್ನರಿಂದ ಎರಡು ಸಾಲು ಬರೆಸಿ ಅರ್ಜಿಯೊಂದಿಗೆ ಲಗತ್ತಿಸಲು ಅರ್ಜಿದಾರರಿಗೆ ತಿಳಿಸೋಣ. ಕಾರಣ ಸರಿಯಿದ್ದಾಗ, ಹಣವಿಲ್ಲವೆಂಬ ಒಂದೇ ಕಾರಣಕ್ಕೆ ನಮ್ಮವರ ಆಪರೇಷನ್ನಿನಲ್ಲಿ ಈ ಬೆಳಕು ಇಲ್ಲದಂತಾಗಬಾರದು. ತಮ್ಮ ಕೈಲಾದಷ್ಟು ದೇಣಿಗೆಯನ್ನು ನೆರವು ನಿಧಿಗೆ ನೀಡಬೇಕೆಂದು ವಿನಂತಿ.