ಹೆಸರು ಅಳಿಸಿದ್ರೆ ಸಾಕಾ? ಕ್ಲಿನಿಕಲ್ ಟ್ರಯಲ್‌ನಲ್ಲಿ ರೋಗಿಯ ಗುರುತು ಕಾಯೋ ಕೆಲಸ

ಇವತ್ತು ನನ್ನ ಕೆಲಸದ ಬಗ್ಗೆ ಮಾತಾಡ್ತೀನಿ. ಬೆಂಗಳೂರಿನ ಒಂದು ಕ್ಲಿನಿಕಲ್ ರಿಸರ್ಚ್ ಕಂಪನಿಯಲ್ಲಿ ನಾನು ಡೇಟಾ ಪ್ರೈವೆಸಿ ನೋಡ್ಕೊಳ್ತೀನಿ. ಹೊಸ ಔಷಧಿಯನ್ನು ಜನರ ಮೇಲೆ ಪರೀಕ್ಷೆ ಮಾಡ್ತಾರಲ್ಲ, ಆ ಟ್ರಯಲ್‌ಗೆ ಸೇರಿದವರು ಯಾರು ಅನ್ನೋದು ಹೊರಗೆ ಗೊತ್ತಾಗದ ಹಾಗೆ ನೋಡ್ಕೊಳ್ಳೋದು.

ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರೋ ಮಾತು ಇದು: "ಹೆಸರು ತೆಗೆದಿದ್ದೀವಲ್ಲ ಮೇಡಂ, ಇನ್ನೇನು?"

ಸರಿ, ಹೆಸರು ಹೇಗೆ ತೆಗೀತಾರೆ ಅಂತ ಮೊದಲು ಹೇಳ್ತೀನಿ. ಟ್ರಯಲ್‌ಗೆ ಸೇರಿದ ಪ್ರತಿಯೊಬ್ಬರಿಗೂ ಒಂದು ಕೋಡ್ ನಂಬರ್ ಕೊಡ್ತಾರೆ. ರಕ್ತಪರೀಕ್ಷೆ, ಬಿಪಿ, ಅಡ್ಡಪರಿಣಾಮ ಎಲ್ಲವೂ ಆ ನಂಬರ್ ಮೇಲೆ ಔಷಧಿ ಕಂಪನಿಗೆ ಹೋಗುತ್ತೆ. ಕಂಪನಿ ಜರ್ಮನಿಯಲ್ಲಿರಬಹುದು, ಅಮೆರಿಕದಲ್ಲಿರಬಹುದು. ಯಾವ ನಂಬರ್ ಯಾರದ್ದು ಅನ್ನೋ ಪಟ್ಟಿ ಮಾತ್ರ ಆಸ್ಪತ್ರೆ ಬಿಟ್ಟು ಆಚೆ ಹೋಗಬಾರದು. ಆ ಪಟ್ಟಿ ಇರೋವರೆಗೂ ಯುರೋಪಿನ ಜಿಡಿಪಿಆರ್ ಕಾನೂನಿನ ಲೆಕ್ಕದಲ್ಲಿ ಕೋಡ್ ಹಾಕಿದ ಡೇಟಾ ಕೂಡ ವೈಯಕ್ತಿಕ ಡೇಟಾನೇ. ಅನಾಮಧೇಯ ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರೇ ಜಾಸ್ತಿ.

ಪಟ್ಟಿ ಯಾರಿಗೂ ಸಿಗದಿದ್ರೂ ಗುರುತು ಹಿಡೀಬಹುದು. ಇದಕ್ಕೆ ಅಮೆರಿಕದ ಒಂದು ಹಳೆಯ ಪ್ರಸಂಗ ಇದೆ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಟ್ಟಿತು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಖರೀದಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಪಿನ್ ಕೋಡ್, ಈ ಮೂರೇ ಸಾಕಾಯ್ತು. ಆ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರದೇ ವೈದ್ಯಕೀಯ ದಾಖಲೆ ಸಿಕ್ಕಿಬಿಡ್ತು.

ಅದನ್ನ ನಮ್ಮೂರಿಗೆ ತಂದು ನೋಡಿ. ಇದು ಕಲ್ಪನೆಯ ಉದಾಹರಣೆ. ಒಂದು ಫೈಲ್‌ನಲ್ಲಿ ಹೆಸರಿಲ್ಲ. ಬರೀ "ಗಂಡಸು, 34 ವರ್ಷ, ಹಿಮೋಫಿಲಿಯಾ" ಅಂತಿದೆ, ಪಕ್ಕದಲ್ಲಿ ಮಲೆನಾಡಿನ ಒಂದು ಸಣ್ಣ ಊರಿನ ಪಿನ್ ಕೋಡ್. ರಕ್ತ ಹೆಪ್ಪುಗಟ್ಟದ ಈ ಕಾಯಿಲೆ ಅಪರೂಪ. ಆ ಊರಿನ ಮೆಡಿಕಲ್ ಶಾಪ್‌ನವರಿಗೆ ಅದು ಯಾರ ಮನೆ ಅಂತ ಹೇಳೋಕೆ ಕಂಪ್ಯೂಟರ್ ಬೇಕಾಗಲ್ಲ. ಕಾಯಿಲೆ ಆನುವಂಶಿಕ ಬೇರೆ. ಅಂದ್ರೆ ಗುರುತು ಸಿಕ್ಕಿದ್ದು ಅವರೊಬ್ಬರದ್ದಲ್ಲ. ಅವರ ತಂಗಿಗೆ ಸಂಬಂಧ ನೋಡ್ತಿರೋ ಮನೆಯವರ ಕಿವಿಗೂ ಸುದ್ದಿ ಬೀಳುತ್ತೆ. ಕೋಡ್ ಹಾಕಿದ ಮೇಲೂ ನಾನು ಒಂದೊಂದೇ ಕಾಲಂ ಯಾಕೆ ನೋಡ್ತೀನಿ ಅಂದ್ರೆ ಇದಕ್ಕೇ. ಪಿನ್ ಕೋಡ್ ಬೇಕಾ, ರಾಜ್ಯದ ಹೆಸರು ಸಾಲದಾ? ದಿನಾಂಕ ಬೇಕಾ, "ದಿನ 1, ದಿನ 15" ಅಂತಿದ್ರೆ ಆಗಲ್ವಾ? ಅಮೆರಿಕದ ಹಿಪಾ ನಿಯಮ ಇಂಥ 18 ಬಗೆಯ ಗುರುತುಗಳನ್ನು ತೆಗೀಬೇಕು ಅನ್ನುತ್ತೆ. 89 ದಾಟಿದವರ ವಯಸ್ಸನ್ನೂ ಬರೆಯೋ ಹಾಗಿಲ್ಲ, ಎಲ್ಲರನ್ನೂ "90 ಮತ್ತು ಮೇಲ್ಪಟ್ಟು" ಅಂತ ಒಟ್ಟಿಗೆ ಸೇರಿಸ್ಬೇಕು. (ನಮ್ಮಲ್ಲಿ ಎಷ್ಟೋ ಹಿರಿಯರ ಹುಟ್ಟಿದ ದಿನ ಜನವರಿ 1, ಇಲ್ಲಾ ಮೇಷ್ಟ್ರು ಬರೆದ ಜೂನ್ 1. ಅವರ ಮಟ್ಟಿಗೆ ಅದೇ ಒಂದು ರಕ್ಷಣೆ.)

ಕಾಲಂಗಳಾದ್ರೂ ಕಣ್ಣಿಗೆ ಕಾಣುತ್ತೆ. ಸ್ಕ್ಯಾನ್ ಚಿತ್ರದ ಮೂಲೆಯಲ್ಲಿ ಅಚ್ಚಾಗಿರೋ ಹೆಸರು, ಇಸಿಜಿ ಹಾಳೆ ಮೇಲೆ ಪೆನ್ನಲ್ಲಿ ಬರೆದ ಆಸ್ಪತ್ರೆ ನಂಬರ್, ಡಾಕ್ಟರ ಟಿಪ್ಪಣಿಯಲ್ಲಿ "ರೋಗಿ ಹೈಸ್ಕೂಲ್ ಹೆಡ್‌ಮಾಸ್ಟರ್" ಅನ್ನೋ ಒಂದು ಸಾಲು, ಇವು ತಪ್ಪಿಸ್ಕೊಂಡು ಹೋಗ್ತವೆ. ಎಲ್ಲಕ್ಕಿಂತ ದೊಡ್ಡ ತಲೆನೋವು ವಾಟ್ಸಾಪ್. ರೋಗಿಯ ಲ್ಯಾಬ್ ರಿಪೋರ್ಟ್ ಫೋಟೋ ತೆಗೆದು ಗ್ರೂಪಿಗೆ ಹಾಕೋದು ಕೆಟ್ಟ ಉದ್ದೇಶದಿಂದಲ್ಲ, ಡಾಕ್ಟರಿಗೆ ಬೇಗ ತಲುಪ್ಲಿ ಅಂತ. ಆದ್ರೆ ಆ ಫೋಟೋ ಹತ್ತು ಜನರ ಫೋನ್ ಗ್ಯಾಲರಿಯಲ್ಲಿ, ಅವರವರ ಬ್ಯಾಕಪ್‌ನಲ್ಲಿ ಕೂತಿರುತ್ತೆ. ಕೆಲಸ ಬಿಟ್ಟು ಹೋದವರ ಫೋನಲ್ಲೂ ಇರುತ್ತೆ. ಬೈದರೆ ಏನೂ ಪ್ರಯೋಜನ ಇಲ್ಲ. ಅಷ್ಟೇ ಬೇಗ ಕೆಲಸ ಮಾಡೋ ಬೇರೆ ದಾರಿ ಕೊಟ್ರೆ ಮಾತ್ರ ಇದು ನಿಲ್ಲುತ್ತೆ.

ಇನ್ನೊಂದು ವಿಚಿತ್ರ ಕೇಳಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಹೊಸ ಅಣುವಿನ ಟ್ರಯಲ್‌ಗೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸಿಕೊಂಡರೆ, ಅವರು ಒಪ್ಪಿಗೆ ಕೊಡೋದನ್ನ ವಿಡಿಯೋ ಮಾಡಿ ಇಡಬೇಕು. ಕಾರಣ ನ್ಯಾಯವಾದದ್ದೇ: ಹೆಬ್ಬೆಟ್ಟು ಒತ್ತಿಸ್ಕೊಂಡು ಮೋಸ ಮಾಡಬಾರದು. ಆದ್ರೆ ಈ ಕಡೆ ನಾವು ಹೆಸರು ಅಳಿಸಿ ನಂಬರ್ ಹಾಕ್ತಿದ್ದೀವಿ, ಆ ಕಡೆ ಅದೇ ವ್ಯಕ್ತಿಯ ಮುಖ, ದನಿ, ಕಾಯಿಲೆ ಮೂರೂ ಒಂದೇ ವಿಡಿಯೋದಲ್ಲಿ ಆಸ್ಪತ್ರೆಯ ಕಂಪ್ಯೂಟರಿನಲ್ಲಿದೆ. ನಿಯಮ ಬರೆದವರಿಗೂ ಇದು ಹೊಳೆದಿದೆ. ಎಚ್‌ಐವಿ ಮತ್ತು ಕುಷ್ಠರೋಗದ ಔಷಧಿಗಳ ಟ್ರಯಲ್‌ಗೆ ಆಡಿಯೋ ಮಾತ್ರ ಸಾಕು ಅಂದಿದ್ದಾರೆ. ಯಾವುದೇ ಆಸ್ಪತ್ರೆಗೆ ಹೋದರೂ ನಾನು ಮೊದಲು ಕೇಳೋದು ಆ ವಿಡಿಯೋಗಳು ಎಲ್ಲಿವೆ, ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ.

ಈಗ ಒಪ್ಪಿಗೆ ಪತ್ರ. ಕನ್ನಡಕ್ಕೆ ತರ್ಜುಮೆಯಾಗಿ ಬರೋ ಪತ್ರದಲ್ಲಿ "ನಿಮ್ಮ ದತ್ತಾಂಶವನ್ನು ಸಂಕೇತೀಕರಿಸಿ ಪ್ರಾಯೋಜಕರಿಗೆ ವರ್ಗಾಯಿಸಲಾಗುವುದು" ಅನ್ನೋ ಥರದ ಸಾಲುಗಳಿರ್ತವೆ. ಪ್ರಾಯೋಜಕರು ಅಂದ್ರೆ ಜನರಿಗೆ ನೆನಪಾಗೋದು ಟಿವಿ ಧಾರಾವಾಹಿ. ನಾನು ಅದನ್ನ ಹೀಗೆ ಬರೀತೀನಿ: "ನಿಮ್ಮ ಹೆಸರಿನ ಬದಲು ಒಂದು ನಂಬರ್ ಹಾಕುತ್ತೇವೆ. ಯಾವ ನಂಬರ್ ಯಾರದ್ದು ಎಂಬ ಪಟ್ಟಿ ಈ ಆಸ್ಪತ್ರೆಯ ಡಾಕ್ಟರ ಬಳಿ ಮಾತ್ರ ಇರುತ್ತದೆ. ಔಷಧಿ ಕಂಪನಿಯ ತಪಾಸಣೆಯವರು, ಸರ್ಕಾರದ ಅಧಿಕಾರಿಗಳು ಬಂದಾಗ ನಿಮ್ಮ ಹೆಸರಿರುವ ಫೈಲನ್ನು ಇಲ್ಲೇ ನೋಡಬಹುದು." ಕೊನೆಯ ವಾಕ್ಯ ಕೆಲವರಿಗೆ ಇಷ್ಟ ಆಗಲ್ಲ, ಓದಿದವರು ಹೆದರ್ತಾರೆ ಅಂತಾರೆ. ಹೆದರಲಿ, ಪ್ರಶ್ನೆ ಕೇಳಲಿ. ಗೊತ್ತಿಲ್ಲದೆ ಹಾಕಿದ ಸಹಿಗೆ ಒಪ್ಪಿಗೆ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಟ್ರಯಲ್‌ನಿಂದ ಯಾವಾಗ ಬೇಕಾದ್ರೂ ಹೊರಗೆ ಬರಬಹುದು, ಕಾರಣ ಕೊಡಬೇಕಿಲ್ಲ. ಆದ್ರೆ "ಇಲ್ಲಿವರೆಗಿನ ನನ್ನ ಡೇಟಾನೂ ಅಳಿಸಿ" ಅಂದ್ರೆ ಸಾಮಾನ್ಯವಾಗಿ ಆಗಲ್ಲ. ಇದನ್ನ ಕೇಳಿ ಸಿಟ್ಟಾಗೋರನ್ನ ನೋಡಿದ್ದೀನಿ, ಸಿಟ್ಟು ಬರೋದು ಸಹಜ. ಆದ್ರೆ ಯೋಚನೆ ಮಾಡಿ: ಔಷಧಿ ತಗೊಂಡು ತಲೆಸುತ್ತು ಬಂದವರೆಲ್ಲ ಬಿಟ್ಟುಹೋಗಿ, ಅವರ ದಾಖಲೆಗಳೂ ಮಾಯವಾದ್ರೆ? ಉಳಿದವರ ಲೆಕ್ಕದಲ್ಲಿ ಆ ಔಷಧಿ ತುಂಬಾ ಒಳ್ಳೇದು ಅಂತ ಕಾಣುತ್ತೆ. ನಾಳೆ ಅದನ್ನ ನುಂಗೋದು ನಮ್ಮ ನಿಮ್ಮ ಮನೆಯವರೇ. ಈ ವಿಷಯವನ್ನ ಸಹಿ ಹಾಕೋ ಮುಂಚೆನೇ ಹೇಳ್ಬೇಕು, ಬಿಟ್ಟುಹೋಗೋ ದಿನ ಅಲ್ಲ.

ಕಾನೂನು ಏನನ್ನುತ್ತೆ? ನಮ್ಮ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ ನಿಯಮಗಳು 18 ತಿಂಗಳ ಸಮಯ ಕೊಟ್ಟಿವೆ. ಡೇಟಾ ಸುರಕ್ಷಿತವಾಗಿ ಇಡದಿದ್ರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಓದೋ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ, ಕೇಳಿ ಪಡೀರಿ. ಸಂಶೋಧನೆಗೆ ಕಾಯ್ದೆ ವಿನಾಯಿತಿ ಕೊಡುತ್ತೆ, ಆದ್ರೆ ಆ ಡೇಟಾ ಬಳಸಿ ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತಗೊಳ್ಳಬಾರದು ಅನ್ನೋ ಷರತ್ತಿದೆ. ಟ್ರಯಲ್‌ನಲ್ಲಿ ರಕ್ತಪರೀಕ್ಷೆ ನೋಡಿ ಡಾಕ್ಟರ್ ಇವರಿಗೆ ಡೋಸ್ ಕಮ್ಮಿ ಮಾಡಿ ಅಂತಾರಲ್ಲ, ಅದು ತೀರ್ಮಾನ ತಾನೇ? ಅದಕ್ಕೇ ಈ ವಿನಾಯಿತಿ ನೆಚ್ಚಿಕೊಂಡು ಕೂರಬೇಡಿ ಅಂತ ನಾನು ಆಫೀಸಲ್ಲಿ ಹೇಳ್ತಾನೇ ಇರ್ತೀನಿ.

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ಆದಾಗ ಸರ್ವರ್‌ಗಳು ನಿಂತು, ಸಿಬ್ಬಂದಿ ಎಷ್ಟೋ ದಿನ ಕಾಗದದಲ್ಲಿ ಬರ್ಕೊಂಡು ರೋಗಿಗಳನ್ನ ನೋಡಿದರು. ಅದಾದ ಮೇಲೆ ನಮ್ಮ ಮಾತಿಗೆ ಆಸ್ಪತ್ರೆಗಳಲ್ಲಿ ಸ್ವಲ್ಪ ಬೆಲೆ ಬಂದಿದೆ.

ನಿಮ್ಮ ಮನೆಯಲ್ಲಿ ಯಾರಾದ್ರೂ ಟ್ರಯಲ್‌ಗೆ ಸೇರೋದಾದ್ರೆ ಮೂರು ಪ್ರಶ್ನೆ ಕೇಳಿ: ಹೆಸರಿರೋ ಪಟ್ಟಿ ಎಲ್ಲಿರುತ್ತೆ? ಉಳಿದ ರಕ್ತದ ಸ್ಯಾಂಪಲ್ ಮುಂದೆ ಬೇರೆ ಸಂಶೋಧನೆಗೂ ಬಳಸ್ತೀರಾ? ವಿಡಿಯೋ ಮಾಡಿದ್ರೆ ಅದನ್ನ ಯಾರು ನೋಡ್ತಾರೆ? ಒಪ್ಪಿಗೆ ಪತ್ರದ ಒಂದು ಪ್ರತಿ ನಿಮಗೆ ಕೊಡಲೇಬೇಕು. ಟ್ರಯಲ್ ನಿಜವಾದದ್ದಾ ಅಂತ ಸಿಟಿಆರ್‌ಐ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ಹುಡುಕಿ ನೋಡಬಹುದು. 2009ರಿಂದ ಅಲ್ಲಿ ನೋಂದಣಿ ಕಡ್ಡಾಯ.

ಇನ್ನು ಈ ಕೆಲಸಕ್ಕೆ ಬರೋದು ಹೇಗೆ ಅಂತ ಕೇಳೋರಿಗೆ: ಫಾರ್ಮಸಿ, ನರ್ಸಿಂಗ್, ಕಾನೂನು, ಕಂಪ್ಯೂಟರ್, ಯಾವುದು ಓದಿದ್ರೂ ದಾರಿ ಇದೆ. ಕಾನೂನಿನ ಕಲಂ ಬಾಯಿಪಾಠ ಮಾಡಿದವರು ಸಿಗ್ತಾರೆ. ಒಪ್ಪಿಗೆ ಪತ್ರವನ್ನ ಹಳ್ಳಿಯ ಅಜ್ಜಿಗೂ ಅರ್ಥ ಆಗೋ ಕನ್ನಡದಲ್ಲಿ ಬರೆಯೋರು ಸಿಕ್ತಿಲ್ಲ. ನಿಮಗೆ ಅದು ಬರುತ್ತೆ ಅಂದ್ರೆ ಬಯೋಡೇಟಾದಲ್ಲಿ ಮೊದಲ ಸಾಲಲ್ಲೇ ಬರೀರಿ.