ತರಬೇತಿನ ಫಲವನ್ನು ಅಳೆಯುವುದು ಹೇಗೆ?

ಕುಂದಾಪುರದಿಂದ ಉಡುಪಿಯ ಕಡೆಗೆ ಹೆದ್ದಾರಿ ಹಿಡಿದು ಹೊರಟವರಿಗೆ ಕೋಟೇಶ್ವರ ಕಳೆದ ಮೇಲೆ ಬೀಜಾಡಿ ಸಿಕ್ಕುತ್ತದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆ, ಮನೆಗಳ ಸುತ್ತ ತೆಂಗು. ಈ ಕರಾವಳಿಯ ಊರುಗಳಲ್ಲಿ ತೆಂಗಿನ ಮರವುಳ್ಳ ಯಾರ ಮನೆಯಲ್ಲಿ ವಿಚಾರಿಸಿದರೂ ಒಂದೇ ದೂರು: ಕಾಯಿ ಬಲಿತು ಮರದಲ್ಲೇ ನಿಂತಿದೆ, ಕೊಯ್ಯುವವರು ಸಿಕ್ಕುವುದಿಲ್ಲ. ಹಿಂದೆ ಬರುತ್ತಿದ್ದವರಿಗೆ ವಯಸ್ಸಾಯಿತು. ಅವರ ಮಕ್ಕಳು ಮುಂಬಯಿಗೋ ಬೆಂಗಳೂರಿಗೋ ಹೋದರು. ಪೇಟೆಯ ಮನೆಗಳ ಹಿತ್ತಿಲಲ್ಲಿಯೂ ಎರಡು ಮರಗಳಿದ್ದರೆ ಇದೇ ಪಾಡು.

ಈ ಕೊರತೆಯನ್ನು ನೀಗಿಸಲೆಂದು ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಆರು ದಿನಗಳ ತರಬೇತು. ಯಂತ್ರದ ನೆರವಿನಿಂದ ಮರ ಹತ್ತುವುದು, ಕಾಯಿ ಕೊಯ್ಯುವುದು, ರೋಗ ಕೀಟಗಳನ್ನು ಗುರುತಿಸುವುದು, ಇವನ್ನೆಲ್ಲ ಕಲಿಸಿ, ಹತ್ತುವ ಯಂತ್ರವನ್ನೂ ಕೊಟ್ಟು ಕಳುಹಿಸುವ ಏರ್ಪಾಡು. ಹೆಂಗಸರೂ ಇದನ್ನು ಕಲಿತಿದ್ದಾರೆ. ನಮ್ಮ ಕಡೆಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂತಹ ತರಬೇತು ನಡೆದಿದೆ.

ಇಂತಹ ಶಿಬಿರ ಮುಗಿದಾಗ ವರದಿ ಬರುತ್ತದೆ: ಇಷ್ಟು ಮಂದಿ ತರಬೇತು ಪಡೆದರು, ಇಷ್ಟು ಮಂದಿಗೆ ಪ್ರಮಾಣಪತ್ರ ದೊರೆಯಿತು. ಆದರೆ ವರ್ಷ ಕಳೆದ ಮೇಲೆ ಅವರಲ್ಲಿ ಎಷ್ಟು ಮಂದಿ ಮರ ಹತ್ತುತ್ತಿದ್ದಾರೆ? ಹತ್ತುವವರ ಸಂಪಾದನೆ ಹೆಚ್ಚಿತೇ? ಹೆಚ್ಚಿದ್ದರೆ ಅದು ತರಬೇತಿನಿಂದಲೇ ಹೆಚ್ಚಿತೇ? ಸರಕಾರದ ಹಣ ಎಂದರೆ ನಮ್ಮ ನಿಮ್ಮ ತೆರಿಗೆಯ ಹಣವಷ್ಟೆ. ಆದುದರಿಂದ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಬಗೆ ಯಾವುದೆಂದು ತಿಳಿದಿರುವುದು ಒಳ್ಳೆಯದು.

ಮೊದಲು, ಈ ತರಬೇತುಗಳು ಯಾರಿಗಾಗಿ ಎಂಬುದನ್ನು ನೋಡೋಣ. ಬೇಸಾಯದ ಕೂಲಿ ಎಂದರೆ ಮಳೆಯನ್ನು ನಂಬಿದ ಬದುಕು. ಕಾರ್ತಿ ಬೆಳೆಗೆ ಅಗೆ ಕಿತ್ತು ನೆಟ್ಟಿ ನೆಡುವಾಗ ಕೈಗಳು ಸಾಲವು. ನೆಟ್ಟಿ ಮುಗಿದು ಆಸಾಡಿ ಬಂತೆಂದರೆ ಕೆಲಸವೇ ಇಲ್ಲ. ಆದುದರಿಂದ ಕೂಲಿಕಾರನು ಊರು ಬಿಟ್ಟು ಹೋಗುವುದು ಇಂದಿನ ಮಾತಲ್ಲ. ಮೇಸ್ತ್ರಿಯಿಂದ ಮುಂಗಡ ಪಡೆದು ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಹೋಗಿ, ಮಳೆಗಾಲಕ್ಕೆ ಗದ್ದೆ ಕೆಲಸಕ್ಕೆ ಮರಳುವ ರೂಢಿ ಕನ್ನಡ ಜಿಲ್ಲೆಯಲ್ಲಿ ಹಳೆಯದು. ಈಗ ಬಯಲುಸೀಮೆಯ ಜಿಲ್ಲೆಗಳಿಂದ ಕೆಲಸಗಾರರು ನಮ್ಮ ಕರಾವಳಿಗೆ ಬರುತ್ತಾರೆ. ನಮ್ಮವರು ನಗರಗಳಿಗೆ ಹೋಗುತ್ತಾರೆ. ಇಂತಹವರಿಗೆ ವರ್ಷವಿಡೀ ನಡೆಯುವ ಒಂದು ಕಸಬನ್ನು ಕಲಿಸಬೇಕೆಂಬುದು ಸರಕಾರದ ಉದ್ದೇಶ.

ಗ್ರಾಮೀಣ ಯುವಕರಿಗೆ ಸ್ವಂತ ಉದ್ಯೋಗದ ತರಬೇತು ನೀಡುವ ‘ಟ್ರೈಸೆಮ್’ ಎಂಬ ಯೋಜನೆಯನ್ನು ಕೇಂದ್ರ ಸರಕಾರವು 1979ರಲ್ಲಿ ಹೂಡಿತು. 1982ರಲ್ಲಿ ಉಜಿರೆಯಲ್ಲಿ, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ‘ರುಡ್‌ಸೆಟ್’ ಸಂಸ್ಥೆ ಹುಟ್ಟಿತು. ಬ್ರಹ್ಮಾವರದಲ್ಲಿಯೂ ಅದರ ತರಬೇತು ಕೇಂದ್ರವಿದೆ. ಊಟ ವಸತಿಯೊಡನೆ ಉಚಿತವಾಗಿ ಕಲಿಸಿ, ಆಮೇಲೆ ಎರಡು ವರ್ಷ ಅಭ್ಯರ್ಥಿಯ ಬೆನ್ನಹಿಂದೆ ನಿಂತು ವಿಚಾರಿಸಿಕೊಳ್ಳುವ ಪದ್ಧತಿ ಈ ಮಾದರಿಯ ವಿಶೇಷ. 2009ರಿಂದ ಜಿಲ್ಲೆಗೊಂದರಂತೆ ಇಂತಹ ಸಂಸ್ಥೆಗಳನ್ನು ದೇಶದಲ್ಲೆಲ್ಲ ತೆರೆಯುವ ಕಾರ್ಯವನ್ನು ಕೇಂದ್ರ ಸರಕಾರವು ಕೈಗೊಂಡಿತು. 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಸಂಬಳದ ಕೆಲಸಕ್ಕೆ ಅಣಿಗೊಳಿಸುವಂತಹುದು.

ಇನ್ನು ಅಳತೆಯ ವಿಷಯ. ಗದ್ದೆಯ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬಿತ್ತಿದ ಬೀಜ ಎಷ್ಟು ಎಂಬುದು ಒಂದು ಲೆಕ್ಕ. ನೆಟ್ಟ ಗದ್ದೆ ಎಷ್ಟು ಎಂಬುದು ಎರಡನೆಯದು. ಮನೆಗೆ ಬಂದ ಅಕ್ಕಿ ಎಷ್ಟು ಎಂಬುದು ಮೂರನೆಯದು. ತರಬೇತಿನಲ್ಲಿಯೂ ಹಾಗೆಯೇ. ಖರ್ಚಾದ ಹಣ ಬೀಜವಿದ್ದಂತೆ. ಪ್ರಮಾಣಪತ್ರಗಳ ಸಂಖ್ಯೆ ನೆಟ್ಟಿಯಿದ್ದಂತೆ. ಕಲಿತವನ ಮನೆಯಲ್ಲಿ ಏನು ಬದಲಾಯಿತು ಎಂಬುದೇ ಬೆಳೆ. ಮೊದಲಿನ ಎರಡು ಲೆಕ್ಕಗಳು ಕಚೇರಿಯಲ್ಲೇ ಸಿಕ್ಕುತ್ತವೆ. ಮೂರನೆಯದಕ್ಕೆ ಮನೆ ಬಾಗಿಲಿಗೆ ಹೋಗಬೇಕು. ಅಲ್ಲಿಯೂ ಲೆಕ್ಕ ತಪ್ಪಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಹಂಗಾಮಿನ ಮೋಸ. ಊಹೆಯ ಒಂದು ಉದಾಹರಣೆ ನೋಡೋಣ. ಒಬ್ಬ ಕೂಲಿಕಾರನಿಗೆ ಆಸಾಡಿಯ ತಿಂಗಳಲ್ಲಿ 8 ದಿನ ಮಾತ್ರ ಕೆಲಸ ಸಿಕ್ಕಿತು. ದಿನಕ್ಕೆ 600 ರೂಪಾಯಿಯಂತೆ 4,800 ರೂಪಾಯಿ ಬಂತು. ಕೆಲಸವಿಲ್ಲದ ಹೊತ್ತೆಂದು ಅವನು ತರಬೇತಿಗೆ ಸೇರಿದ. ಅಕ್ಟೋಬರಿನಲ್ಲಿ ಅವನನ್ನು ವಿಚಾರಿಸಿದರೆ 20 ದಿನ ಕೆಲಸ, 12,000 ರೂಪಾಯಿ ಸಂಪಾದನೆ. ಸಂಪಾದನೆ ಎರಡೂವರೆ ಪಟ್ಟು ಆಯಿತೆಂದು ವರದಿ ಬರೆಯಬಹುದು. ಆದರೆ ಅಕ್ಟೋಬರ್ ಕೊಯ್ಲಿನ ಕಾಲವಲ್ಲವೆ? ತರಬೇತಿಲ್ಲದ ಹಿಂದಿನ ಅಕ್ಟೋಬರಿನಲ್ಲಿ ಅವನು 19 ದಿನ ದುಡಿದು 11,400 ರೂಪಾಯಿ ಗಳಿಸಿದ್ದನಾದರೆ, ಹೆಚ್ಚಿದ್ದು 600 ರೂಪಾಯಿ ಮಾತ್ರ. ಆದುದರಿಂದ ತಿಂಗಳನ್ನು ಅದೇ ತಿಂಗಳಿನೊಡನೆ, ವರ್ಷವನ್ನು ವರ್ಷದೊಡನೆ ಹೋಲಿಸಬೇಕು.

ಆರ್ಲಿ ಆಶೆನ್‌ಫೆಲ್ಟರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಇಂತಹ ಮಾತನ್ನೇ ಬಯಲಿಗೆ ತಂದಿತು. ತರಬೇತಿಗೆ ಸೇರುವ ಮುನ್ನ ಜನರ ಸಂಪಾದನೆ ಇಳಿದಿರುತ್ತದೆ ಎಂದು ಅವರು ಕಂಡುಕೊಂಡರು. ಕೆಲಸ ಕಳೆದುಕೊಂಡವನೇ ತರಬೇತಿಗೆ ಬರುವುದು ಸಹಜ. ಅವನು ತರಬೇತು ಪಡೆಯದಿದ್ದರೂ ಆ ಕೆಟ್ಟ ಗಳಿಗೆಯಿಂದ ಸ್ವಲ್ಪಮಟ್ಟಿಗೆ ಮೇಲೆ ಬರುತ್ತಿದ್ದ. ಆ ಏರಿಕೆಯನ್ನೆಲ್ಲ ತರಬೇತಿನ ಖಾತೆಗೆ ಬರೆಯುವುದು ನ್ಯಾಯವಲ್ಲ.

ಎರಡನೆಯದು ಹೋಲಿಕೆಯ ಮೋಸ. ವರ್ಷಕ್ಕೆ 90,000 ರೂಪಾಯಿ ಗಳಿಸುತ್ತಿದ್ದವನು ತರಬೇತಿನ ಮರುವರ್ಷ 1,14,000 ರೂಪಾಯಿ ಗಳಿಸಿದನೆಂದು ಇಟ್ಟುಕೊಳ್ಳಿ. 24,000 ರೂಪಾಯಿ ಹೆಚ್ಚಿತು. ಆದರೆ ಅದೇ ಊರಿನ, ಅಷ್ಟೇ ಗಳಿಸುತ್ತಿದ್ದ ಇನ್ನೊಬ್ಬನು, ಅರ್ಜಿ ಹಾಕಿಯೂ ಜಾಗ ಸಿಕ್ಕದವನು, ಕೂಲಿಯ ದರ ಏರಿದುದರಿಂದ 1,02,000 ರೂಪಾಯಿ ಗಳಿಸಿದ. ತರಬೇತಿಲ್ಲದೆಯೂ 12,000 ಏರಿತು. ಹಾಗಾದರೆ ತರಬೇತಿನಿಂದ ಬಂದದ್ದು ಉಳಿದ 12,000. ಒಬ್ಬೊಬ್ಬರ ಹೋಲಿಕೆಯಿಂದ ಏನನ್ನೂ ನಿಶ್ಚಯಿಸಲಾಗದು. ನೂರಾರು ಮಂದಿಯ ಎರಡು ಗುಂಪುಗಳನ್ನು ಹೋಲಿಸಬೇಕು.

ಆ ಎರಡು ಗುಂಪುಗಳು ಒಂದೇ ಬಗೆಯವಾಗಿರಬೇಕಾದರೆ ಚೀಟಿ ಎತ್ತುವುದೇ ಉತ್ತಮ ಉಪಾಯ. ಜಾಗಕ್ಕಿಂತ ಅರ್ಜಿಗಳು ಹೆಚ್ಚಾಗಿರುವಲ್ಲಿ ಚೀಟಿ ಎತ್ತಿ ಆರಿಸಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ, ಅಳತೆಯೂ ಸರಿಯಾಗುತ್ತದೆ. ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ 16 ಸ್ಥಳಗಳಲ್ಲಿ ಸುಮಾರು 20,000 ಅರ್ಜಿದಾರರನ್ನು ಈ ಕ್ರಮದಲ್ಲಿ ಎರಡು ಗುಂಪು ಮಾಡಿ ನೋಡಿದರು. ವಯಸ್ಕ ಗಂಡಸರಿಗೂ ಹೆಂಗಸರಿಗೂ ಮಿತವಾದ ಲಾಭ ಕಂಡಿತು; ಎಳೆಯ ವಯಸ್ಸಿನವರಿಗೆ ಹೇಳಿಕೊಳ್ಳುವಂತಹ ಲಾಭ ಕಾಣಲಿಲ್ಲ. ಪ್ರಮಾಣಪತ್ರಗಳನ್ನು ಎಣಿಸಿದ್ದರೆ ಈ ವ್ಯತ್ಯಾಸ ತಿಳಿಯುತ್ತಲೇ ಇರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ವಲಸೆ ಕೂಲಿಕಾರರಿಗೇ ವಿಶೇಷವಾದದ್ದು. ವಿಚಾರಿಸಲು ಹೋದಾಗ ಮನುಷ್ಯನು ಊರಲ್ಲಿಯೇ ಇರುವುದಿಲ್ಲ. 40 ಮಂದಿ ಕಲಿತರೆನ್ನಿ. ವರ್ಷದ ಮೇಲೆ ಮನೆಮನೆಗೆ ಹೋದಾಗ 22 ಮಂದಿ ಸಿಕ್ಕಿದರು. ಅವರಲ್ಲಿ 11 ಮಂದಿ ಕಲಿತ ಕಸಬನ್ನೇ ನಡೆಸುತ್ತಿದ್ದಾರೆ. ಸಿಕ್ಕಿದವರ ಲೆಕ್ಕದಲ್ಲಿ ನೂರಕ್ಕೆ 50. ಸಿಕ್ಕದ 18 ಮಂದಿಯೂ ಕಸಬು ಬಿಟ್ಟರೆಂದು ಬಗೆದರೆ ನೂರಕ್ಕೆ ಇಪ್ಪತ್ತೇಳೂವರೆ. ಅವರೆಲ್ಲರೂ ಬೇರೆ ಊರಲ್ಲಿ ಅದೇ ಕಸಬು ನಡೆಸುತ್ತಿದ್ದರೆ 40ರಲ್ಲಿ 29, ಎಂದರೆ ನೂರಕ್ಕೆ ಎಪ್ಪತ್ತೆರಡೂವರೆ. ನಿಜವು ಈ ಎರಡರ ನಡುವೆ ಎಲ್ಲೋ ಇದೆ. ಇಷ್ಟು ಅಂತರವಿರುವಾಗ ಯೋಜನೆ ಗೆದ್ದಿತೆನ್ನುವುದಕ್ಕೂ ಆಧಾರವಿಲ್ಲ, ಸೋತಿತೆನ್ನುವುದಕ್ಕೂ ಆಧಾರವಿಲ್ಲ. ಆದರೂ ಮುಂದಿನ ವರ್ಷ ತರಬೇತು ಇರಬೇಕೋ ಬೇಡವೋ ಎಂಬ ತೀರ್ಮಾನವು ಇಂತಹ ಅಂಕಿಗಳ ಮೇಲೆಯೇ ಆಗಬಹುದು. ಹಾಗಾದಾಗ, ಊರಲ್ಲಿ ಉಳಿದವರ ಬದುಕನ್ನು ನೋಡಿ ಊರು ಬಿಟ್ಟವರ ಯೋಜನೆಯನ್ನು ತೀರ್ಮಾನಿಸಿದಂತಾಗುತ್ತದೆ.

ಈ ತೊಡಕು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಬೆಳೆಯಿಂದ ಬೆಳೆಗೆ, ರಾಜ್ಯದಿಂದ ರಾಜ್ಯಕ್ಕೆ ಅಲೆಯುವ ಹೊಲದ ಕೂಲಿಕಾರರ ದುರವಸ್ಥೆಯನ್ನು 1960ರಲ್ಲಿ ಟೆಲಿವಿಷನ್ ಚಿತ್ರವೊಂದು ನಾಡಿಗೆಲ್ಲ ತೋರಿಸಿತು. ಅವರಿಗೆ ನೆರವಾಗುವ ಕಾರ್ಯಕ್ರಮಗಳಿಗೆ 1964ರ ಕಾನೂನು ದಾರಿ ಮಾಡಿಕೊಟ್ಟಿತು. 2014ರ ಕಾನೂನಿನಂತೆ ಈ ತರಬೇತುಗಳ ಫಲವನ್ನು, ಕಾರ್ಯಕ್ರಮ ಬಿಟ್ಟ ಮೇಲಿನ ಎರಡನೆಯ ತ್ರೈಮಾಸಿಕದಲ್ಲಿಯೂ ನಾಲ್ಕನೆಯ ತ್ರೈಮಾಸಿಕದಲ್ಲಿಯೂ ಕೆಲಸದಲ್ಲಿದ್ದಾನೆಯೆ ಎಂದು ನೋಡಿ ಅಳೆಯುತ್ತಾರೆ. ಮಾಲೀಕರು ನಿರುದ್ಯೋಗ ವಿಮೆಗಾಗಿ ಒಪ್ಪಿಸುವ ಸಂಬಳದ ಪಟ್ಟಿಗಳಿಂದ ಇದು ತಿಳಿಯುತ್ತದೆ. ಆದರೆ ಸಣ್ಣ ಬೇಸಾಯಗಾರರಿಗೆ ಆ ವಿಮೆಯ ಕಾನೂನಿನಲ್ಲಿ ವಿನಾಯಿತಿ ಇರುವುದರಿಂದ, ಹೊಲದ ಕೂಲಿಯೆಲ್ಲವೂ ಆ ಪಟ್ಟಿಗೆ ಬರುವುದಿಲ್ಲ. ನಮ್ಮಲ್ಲಂತೂ ಮರ ಹತ್ತಿದವನಿಗೆ ಕೂಲಿ ಕೈಗೆ ಕೊಡುತ್ತೇವೆ; ಪಟ್ಟಿಯ ಮಾತೇ ಇಲ್ಲ. 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ 30 ಕೋಟಿಗೂ ಹೆಚ್ಚು ಅಸಂಘಟಿತ ಕೆಲಸಗಾರರ ಹೆಸರು ಸೇರಿದೆ. ಹೆಸರು ಸೇರಿದ ಮಾತ್ರಕ್ಕೆ ಈ ತಿಂಗಳು ಅವನು ಎಲ್ಲಿದ್ದಾನೆ, ಏನು ಗಳಿಸುತ್ತಾನೆ ಎಂಬುದು ತಿಳಿಯದು. ತರಬೇತು ಮುಗಿದ ದಿನವೇ ಅವನ ದೂರವಾಣಿಯ ಅಂಕೆಯೊಡನೆ, ಊರಲ್ಲಿಯೇ ಇರುವ ತಾಯಿಯದೋ ಅಕ್ಕನದೋ ಅಂಕೆಯನ್ನೂ ಬರೆದುಕೊಳ್ಳುವುದು ಸುಲಭವಾದ ಪರಿಹಾರ.

ಸರಾಸರಿಯ ವಿಷಯದಲ್ಲಿಯೂ ಎಚ್ಚರ ಬೇಕು. ಐವರ ತಿಂಗಳ ಸಂಪಾದನೆ 9,000, 10,000, 11,000, 12,000 ಮತ್ತು 58,000 ರೂಪಾಯಿ ಎನ್ನಿ. ಸರಾಸರಿ 20,000. ಆದರೆ ನಾಲ್ವರು ಅದರ ಹತ್ತಿರಕ್ಕೂ ಬಂದಿಲ್ಲ. ಸಾಲಾಗಿ ನಿಲ್ಲಿಸಿ ನಡುವಿನವನನ್ನು ನೋಡಿದರೆ 11,000. ಅಮೆರಿಕದ ಲೆಕ್ಕದಲ್ಲಿ ಈ ನಡುವಿನ ಅಂಕಿಯನ್ನೇ ಕೇಳುತ್ತಾರೆ. ಅದು ಉಚಿತವೂ ಹೌದು.

ಗುರಿಯ ಅಂಕಿಯನ್ನು ಮೊದಲೇ ಗೊತ್ತುಮಾಡುವುದರಿಂದಲೂ ಒಂದು ಅಪಾಯವಿದೆ. ದೀನದಯಾಳ್ ಯೋಜನೆಯ 2016ರ ಮಾರ್ಗಸೂಚಿಯಲ್ಲಿ, ತರಬೇತು ಪಡೆದ ನೂರರಲ್ಲಿ ಕನಿಷ್ಠ 70 ಮಂದಿಗೆ ಕೆಲಸ ದೊರೆಯಬೇಕು, ಅವರು ಮೂರು ತಿಂಗಳಾದರೂ ಅದರಲ್ಲಿರಬೇಕು ಎಂಬ ನಿಯಮವಿತ್ತು. ನಿಯಮ ಒಳ್ಳೆಯದೇ. ಆದರೆ ಅಂಕಿ ಮುಟ್ಟಲೇಬೇಕಾದ ತರಬೇತು ಕೇಂದ್ರವು, ಹೇಗಿದ್ದರೂ ಕೆಲಸ ಸಿಕ್ಕುವಂತಹ ಚುರುಕಿನವರನ್ನೇ ಆರಿಸಿಕೊಳ್ಳುವ ಸಂಭವವುಂಟು. ಓದು ಬಾರದವರು, ವಯಸ್ಸಾದವರು, ಚಿಕ್ಕ ಮಕ್ಕಳಿರುವ ಹೆಂಗಸರು ಹೊರಗುಳಿಯಬಹುದು. ಆಗ ಅಂಕಿ ಚೆನ್ನಾಗಿ ಕಂಡರೂ ತರಬೇತು ಹೆಚ್ಚು ಬೇಕಾದವರಿಗೆ ಅದು ತಲಪಿರುವುದಿಲ್ಲ. ಮೂರು ತಿಂಗಳ ಗಡುವೂ ಬೇಸಾಯದ ಕೂಲಿಕಾರನಿಗೆ ಸಾಲದು. ಅವನು ಆ ಕೆಲಸದಲ್ಲಿ ಒಂದು ಆಸಾಡಿಯನ್ನಾದರೂ ಕಳೆಯಬೇಕು.

ಕೊನೆಯದಾಗಿ, ಒಳ್ಳೆಯ ಫಲವೆಂದರೆ ಯಾವುದು? ಬೀಜಾಡಿಯಂತಹ ಊರಲ್ಲಿ ಮರ ಹತ್ತಲು ಕಲಿತ ಯುವಕನು ಬೆಂಗಳೂರಿಗೆ ಹೋಗಿ ಬೇರೆ ಕೆಲಸದಲ್ಲಿ ಹೆಚ್ಚು ಗಳಿಸಿದರೆ ಅದು ಗೆಲುವೋ ಸೋಲೋ? ತೆಂಗಿನ ತೋಟದವರಿಗೆ ಸೋಲು. ಅವನ ಮನೆಯವರಿಗೆ ಗೆಲುವಾಗಿರಬಹುದು. ಯಾರ ಕಣ್ಣಿನಿಂದ ಅಳೆಯುತ್ತೇವೆ ಎಂಬುದನ್ನು ಮೊದಲೇ ಹೇಳಬೇಕು. ಕೂಲಿಕಾರನ ಕಣ್ಣಿನಿಂದ ನೋಡುವುದಾದರೆ ಸಂಪಾದನೆಯೊಂದೇ ಸಾಲದು. ವರ್ಷದಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು? ಮುಂಗಡದ ಸಾಲ ತೀರಿತೇ? ಮರದಿಂದ ಬಿದ್ದರೆ ವಿಮೆಯುಂಟೇ? ಎಷ್ಟು ತಿಂಗಳು ಮಕ್ಕಳೊಡನೆ ಮನೆಯಲ್ಲಿದ್ದ? ಇವೂ ಎಣಿಸಬಹುದಾದ ವಿಷಯಗಳೇ.

ಇದೆಲ್ಲ ಪಂಡಿತರ ಕೆಲಸವೆಂದು ವಾಚಕರು ಸುಮ್ಮನಿರಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಊರಿನ ಮತದಾರರಿಗೆಲ್ಲ ಇದೆ. ಪೇಟೆಯಲ್ಲಿರುವವರು ಪುರಸಭೆಯ ಸದಸ್ಯರನ್ನು ಕೇಳಬಹುದು. ಮುಂದೆ ಯಾವ ತರಬೇತಿನ ವರದಿ ಕಣ್ಣಿಗೆ ಬಿದ್ದರೂ ನಾಲ್ಕು ಮಾತು ಕೇಳಿ ನೋಡಿ: ಕಲಿತವರಲ್ಲಿ ಎಷ್ಟು ಮಂದಿಯನ್ನು ವರ್ಷದ ಮೇಲೆ ಕಂಡಿರಿ? ಕಾಣದವರನ್ನು ಯಾವ ಲೆಕ್ಕಕ್ಕೆ ಹಾಕಿದಿರಿ? ಯಾವ ತಿಂಗಳನ್ನು ಯಾವ ತಿಂಗಳಿನೊಡನೆ ಹೋಲಿಸಿದಿರಿ? ಜಾಗ ಸಿಕ್ಕದವರ ಗತಿ ಏನಾಯಿತು?

ಮನೆಗೆ ಕಾಯಿ ಕೊಯ್ಯಲು ಬಂದವನು ಕೆಳಗಿಳಿದು ಸಿಯಾಳ ಕುಡಿಯುವಾಗ ನಮ್ಮ ಕಡೆಯ ಹಿರಿಯರು, “ಈಗ ಹ್ಯಾಂಗಿತ್ತ್ ಮಾರಾಯಾ?” ಎಂದು ವಿಚಾರಿಸುವುದುಂಟು. ತರಬೇತಿನ ಫಲವನ್ನು ಅಳೆಯುವವರೂ ಇದನ್ನೇ ಕೇಳಬೇಕು. ಮರದ ಬುಡದಲ್ಲಿ ಸಿಕ್ಕಿದವನನ್ನಷ್ಟೇ ಅಲ್ಲ, ಬಸ್ಸು ಹತ್ತಿ ಹೋದವನನ್ನೂ ಹುಡುಕಿ ಕೇಳಬೇಕು.