ನಾಲ್ಕು ಹಾಡು, ಐದು ತಾಸು, ಗುರುತಿಲ್ಲದ ಬ್ಯಾಂಡು

ಭಜನಾ ಮೇಳದಲ್ಲಿ ಕೂತವರಿಗೆ ಇದು ಗೊತ್ತಿರುತ್ತೆ. ಯಾರೋ ಒಬ್ಬರು ಮೊದಲ ಸಾಲು ಎತ್ತಿಕೊಂಡರೆ ಸಾಕು, ಉಳಿದವರು ಹಿಂದೆ ಬರ್ತಾರೆ. ಯಾರೂ ರಿಹರ್ಸಲ್ ಮಾಡಿರಲ್ಲ. ಪಕ್ಕದಲ್ಲಿ ತಾಳ ಹಿಡಿದು ಕೂತವರು ಯಾವ ಊರಿನವರು ಅನ್ನೋದೂ ಗೊತ್ತಿರಲ್ಲ. ಆದರೂ ಹಾಡು ನಡೆಯುತ್ತೆ. ಬ್ಲೂಸ್ ಜಾಮ್ ಅಂದ್ರೆ ಹೆಚ್ಚುಕಡಿಮೆ ಹೀಗೇನೇ. ತಾಳದ ಬದಲು ಡ್ರಮ್ಸ್, ಹಾರ್ಮೋನಿಯಂ ಬದಲು ಗಿಟಾರ್, ಗುಡಿಯ ಪೌಳಿಯ ಬದಲು ಒಂದು ಬಾರು.

ನಾನು ಧಾರವಾಡದವನು. ಆರು ವರ್ಷದಿಂದ ಶಿಕಾಗೊದಲ್ಲಿ ಸಾಫ್ಟ್‌ವೇರ್ ಕೆಲಸ. ಬುಧವಾರ ಸಂಜೆ ಆಫೀಸು ಮುಗಿಸಿ, ಗಿಟಾರ್ ಹೆಗಲಿಗೇರಿಸಿಕೊಂಡು ಒಂದು ಸಣ್ಣ ಬಾರಿಗೆ ಹೋಗ್ತೀನಿ. ಬಾಗಿಲ ಹತ್ತಿರ ಒಂದು ಹಾಳೆ ಇಟ್ಟಿರ್ತಾರೆ. ಹೆಸರು, ವಾದ್ಯ ಬರೆದು ಕೂತರೆ ಸರದಿ ಬಂದಾಗ ಕರೀತಾರೆ. ಜಾಮ್ ನಡೆಸುವವರು ಎಪ್ಪತ್ತು ದಾಟಿದ ಆಫ್ರಿಕನ್ ಅಮೆರಿಕನ್ ಹಿರಿಯರು, ಬೇಸ್ ಗಿಟಾರ್ ನುಡಿಸುತ್ತಾರೆ. ಎದುರಿಗೆ ಅವರಿಗೆ ‘ಸರ್’ ಅಂತೀನಿ, ಮನಸ್ಸಿನಲ್ಲಿ ‘ಕಾಕಾ’.

ಹೋದ ಚಳಿಗಾಲದ ಒಂದು ಬುಧವಾರ ಮಧ್ಯಾಹ್ನ 3 ಗಂಟೆಗೆ ಕಾಕಾನ ಮೆಸೇಜು ಬಂತು. ಎರಡನೇ ಸೆಟ್ ನಡೆಸಬೇಕಾದವನಿಗೆ ಜ್ವರ. ನೀನು ನಡೆಸು. ರಾತ್ರಿ 8ಕ್ಕೆ, ಅರ್ಧ ಗಂಟೆ, ನಾಲ್ಕು ಹಾಡು.

ನುಡಿಸೋದು ಬೇರೆ, ನಡೆಸೋದು ಬೇರೆ. ನಡೆಸುವವನೇ ಹಾಡು ಆರಿಸಬೇಕು, ಶ್ರುತಿ ಹೇಳಬೇಕು, ಯಾರು ಯಾವಾಗ ಸೋಲೊ ನುಡಿಸಬೇಕು ಅಂತ ಸನ್ನೆ ಮಾಡಬೇಕು. ಕೈಯಲ್ಲಿದ್ದದ್ದು ಐದು ತಾಸು, ಅದರಲ್ಲಿ ಎರಡು ತಾಸು ಮೀಟಿಂಗು.

ಮೊದಲು ಜನ, ಆಮೇಲೆ ಹಾಡು

ಇಂಥ ಹೊತ್ತಲ್ಲಿ ಮೊದಲು ಕೈ ಹೋಗೋದು ನಮ್ಮ ಪ್ಲೇಲಿಸ್ಟ್‌ ಕಡೆ. ನಂಗೆ ಯಾವುದು ಇಷ್ಟ, ಯಾವುದು ಚೆನ್ನಾಗಿ ಬರುತ್ತೆ ಅಂತ ಹುಡುಕ್ತೀವಿ. ನಾನು ಅದನ್ನು ಬದಿಗಿಟ್ಟು ಕಾಕಾಗೆ ಒಂದೇ ಪ್ರಶ್ನೆ ಕಳಿಸಿದೆ: ನನ್ನ ಜೊತೆ ಯಾರ್‍ಯಾರು?

ಉತ್ತರ ಬಂತು. ಬೇಸ್ ಕಾಕಾನದೇ. ಡ್ರಮ್ಸ್‌ಗೆ ಒಬ್ಬ ಕಾಲೇಜು ಹುಡುಗ; ರಾಕ್ ನುಡಿಸಿ ಅಭ್ಯಾಸ, ಬ್ಲೂಸ್ ಜಾಮ್ ಇದೇ ಮೊದಲು. ಹಾರ್ಮೋನಿಕಾಗೆ ಒಬ್ಬರು ನಿವೃತ್ತ ಬಸ್ ಡ್ರೈವರ್. ಹಾಡೋಕೆ ಒಬ್ಬಳು ನರ್ಸ್.

ಆ ನರ್ಸ್‌ನ ನಾನು ನೋಡಿದ್ದೆ. ಮೂರು ವಾರ ಹಾಳೆಯಲ್ಲಿ ಹೆಸರು ಬರೆದು, ಮೂರು ವಾರವೂ ಸರದಿ ಬರೋ ಮೊದಲೇ ಕೋಟು ಹಾಕಿಕೊಂಡು ಹೊರಟುಹೋಗಿದ್ದಳು. ಕಾಕಾ ಕೊನೆಯ ಸಾಲಲ್ಲಿ ಬರೆದಿದ್ದರು: ಇವತ್ತು ಹಾಡದಿದ್ದರೆ ಆಕೆ ಮತ್ತೆ ಬರೋದಿಲ್ಲ.

ಅಲ್ಲಿಗೆ ನನ್ನ ಕೆಲಸ ಏನು ಅನ್ನೋದು ಸ್ಪಷ್ಟವಾಯ್ತು. ನಾಲ್ಕು ಒಳ್ಳೇ ಹಾಡು ಹುಡುಕೋದಲ್ಲ. ಆಕೆ ಹಾಡಬಹುದಾದ ಒಂದು ಹಾಡು, ಅದರ ಸುತ್ತ ಮೂರು.

ಹನ್ನೆರಡರ ಆವರ್ತನ

ಅಪರಿಚಿತರು ಕೂಡಿ ನುಡಿಸೋಕೆ ಆಗೋದಾದರೂ ಹೇಗೆ? ಇದರ ಗುಟ್ಟು ಬ್ಲೂಸ್‌ನ ಕಟ್ಟಡದಲ್ಲಿದೆ. ಬಹಳಷ್ಟು ಹಾಡುಗಳು 12 ಬಾರ್‌ಗಳ ಒಂದು ಸುತ್ತಿನಲ್ಲಿ ಕೂತಿರುತ್ತವೆ. ಬಾರ್ ಅಂದ್ರೆ ಇಲ್ಲಿ 4 ಎಣಿಕೆ. ಇಡೀ ಸುತ್ತಿಗೆ ಮೂರೇ ಕಾರ್ಡು: ಷಡ್ಜದ್ದು, ಮಧ್ಯಮದ್ದು, ಪಂಚಮದ್ದು. ಮೊದಲ 4 ಬಾರ್ ಷಡ್ಜ, ಆಮೇಲೆ 2 ಮಧ್ಯಮ, 2 ಷಡ್ಜ, ಒಂದು ಪಂಚಮ, ಒಂದು ಮಧ್ಯಮ, ಕೊನೆಗೆ 2 ಷಡ್ಜ. ತಬಲಾದಲ್ಲಿ ಸಮ್‌ಗೆ ಬಂದು ಬೀಳ್ತೀವಲ್ಲ, ಹಾಗೆ ಮತ್ತೆ ಮೊದಲ ಬಾರ್‌ಗೆ ಬಂದು ಬೀಳೋದು.

ಸಾಹಿತ್ಯಕ್ಕೂ ಇದೇ ಅಳತೆ. ಮೊದಲ ಸಾಲು ಹಾಡಿ, ಅದನ್ನೇ ಇನ್ನೊಮ್ಮೆ ಹಾಡಿ, ಮೂರನೇ ಸಾಲಲ್ಲಿ ಉತ್ತರ ಕೊಡ್ತಾರೆ. ಸಾಲು ಸಾಲಿನ ನಡುವೆ ಜಾಗ ಉಳಿಯುತ್ತೆ. ಅಲ್ಲಿ ಗಿಟಾರೋ ಹಾರ್ಮೋನಿಕಾವೋ ಮಾತಾಡುತ್ತೆ.

ಈ ಊರಿಗೂ ಈ ಕಟ್ಟಡಕ್ಕೂ ಹಳೇ ನಂಟು. ಮಿಸಿಸಿಪ್ಪಿಯ ಹತ್ತಿ ಹೊಲಗಳಿಂದ ಕೆಲಸ ಹುಡುಕಿಕೊಂಡು, ಅಲ್ಲಿನ ಜನಾಂಗ ಭೇದದಿಂದ ತಪ್ಪಿಸಿಕೊಂಡು ಶಿಕಾಗೊಗೆ ಬಂದ ಕರಿಯ ಕುಟುಂಬಗಳು ತಮ್ಮ ಹಾಡನ್ನೂ ರೈಲು ಹತ್ತಿಸಿಕೊಂಡು ಬಂದವು. ಮಡ್ಡಿ ವಾಟರ್ಸ್ ಬಂದದ್ದು 1943ರಲ್ಲಿ. ಇಲ್ಲಿನ ಬಾರುಗಳ ಗದ್ದಲದಲ್ಲಿ ಬರೀ ಗಿಟಾರ್ ಕೇಳಿಸುತ್ತಿರಲಿಲ್ಲ, ಹಾಗಾಗಿ ಅದಕ್ಕೆ ವಿದ್ಯುತ್ ಸಿಕ್ಕಿತು. ಮ್ಯಾಕ್ಸ್‌ವೆಲ್ ಸ್ಟ್ರೀಟ್‌ನ ಭಾನುವಾರದ ಸಂತೆಯಲ್ಲಿ ರಸ್ತೆ ಬದಿಗೇ ನಿಂತು ನುಡಿಸಿ ಚಿಲ್ಲರೆ ಗಳಿಸಿದವರು ಎಷ್ಟೋ ಜನ. ಸಂತೆಯಲ್ಲಿ ಸಿಕ್ಕವರ ಜೊತೆ ನುಡಿಸಬೇಕಾದರೆ ಎಲ್ಲರಿಗೂ ಗೊತ್ತಿರುವ ಒಂದು ಚೌಕಟ್ಟು ಬೇಕೇ ಬೇಕು.

ಬೇಡ ಅಂತ ಹೊಡೆದು ಹಾಕಿದ್ದು

ಮೀಟಿಂಗಿನ ನಡುವೆ ಫೋನಿನ ನೋಟ್ಸ್‌ನಲ್ಲಿ ಹತ್ತು ಹಾಡು ಬರೆದೆ. ಆಮೇಲೆ ಹೊಡೆದು ಹಾಕ್ತಾ ಬಂದೆ.

‘ಸ್ಟಾರ್ಮಿ ಮಂಡೇ’ ಹೋಯ್ತು. ಟಿ-ಬೋನ್ ವಾಕರ್ 1947ರಲ್ಲಿ ರೆಕಾರ್ಡ್ ಮಾಡಿದ ಹಾಡು. 1971ರಲ್ಲಿ ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ಲೈವ್ ಆಲ್ಬಮ್‌ನಲ್ಲಿ ಇದಕ್ಕೆ ಇನ್ನಷ್ಟು ಕಾರ್ಡುಗಳು ಸೇರಿದವು. ಇದು ಎಲ್ಲರಿಗೂ ಗೊತ್ತು, ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ ಗೊತ್ತು. ಯಾರಿಗೂ ಗೊತ್ತಿಲ್ಲದ ಹಾಡಿಗಿಂತ ಇಂಥದ್ದು ಅಪಾಯ, ಯಾಕಂದ್ರೆ ಮೊದಲೇ ಕೇಳಿಕೊಳ್ಳಬೇಕು ಅಂತ ಯಾರಿಗೂ ಅನಿಸೋದಿಲ್ಲ.

‘ದ ಥ್ರಿಲ್ ಈಸ್ ಗಾನ್’ ಹೋಯ್ತು. ಬಿ.ಬಿ. ಕಿಂಗ್ 1969ರಲ್ಲಿ ಬಿ ಮೈನರ್‌ನಲ್ಲಿ ರೆಕಾರ್ಡ್ ಮಾಡಿದ ಈ ಹಾಡು 12 ಬಾರೇ ನಿಜ, ಆದರೆ 9 ಮತ್ತು 10ನೇ ಬಾರ್‌ನಲ್ಲಿ ಕಾರ್ಡು ರೂಢಿಯ ದಾರಿ ಬಿಡುತ್ತೆ. ಹೊಸಬರು ಎಡವೋದು ಸರಿಯಾಗಿ ಅಲ್ಲೇ.

‘ಹೂಚಿ ಕೂಚಿ ಮ್ಯಾನ್’ ಕೂಡ ಹೋಯ್ತು. ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ 1954ರಲ್ಲಿ ಹಾಡಿದ್ದು. ಅದರಲ್ಲಿ ಬ್ಯಾಂಡು ಒಂದು ಪೆಟ್ಟು ಕೊಟ್ಟು ನಿಲ್ಲಬೇಕು, ಮತ್ತೆ ಕೊಟ್ಟು ನಿಲ್ಲಬೇಕು. ಹೊಸ ಡ್ರಮ್ಮರ್‌ಗೆ ಬಾರಿಸೋದಕ್ಕಿಂತ ನಿಲ್ಲಿಸೋದು ಕಷ್ಟ. ಇನ್ನೊಂದು ವಿಷಯ: ಅದು ದಕ್ಷಿಣದ ಗಂಡಸಿನ ಜಂಬದ ಹಾಡು, ಅವನ ಊರಿನ ನಂಬಿಕೆಗಳಿಂದ ಕಟ್ಟಿದ್ದು. ಧಾರವಾಡದ ನನ್ನ ಬಾಯಲ್ಲಿ, ಅದೂ ಶಿಕಾಗೊದಲ್ಲಿ, ಅದು ವೇಷದ ಹಾಗೆ ಕೇಳುತ್ತೆ.

‘ಸ್ವೀಟ್ ಹೋಮ್ ಶಿಕಾಗೊ’? ಈ ಊರಲ್ಲಿ ಅದನ್ನು ಕೇಳಿ ಕೇಳಿ ಕಾಕಾನಂಥವರಿಗೆ ಸಾಕಾಗಿದೆ. ಅಂದಹಾಗೆ ರಾಬರ್ಟ್ ಜಾನ್ಸನ್ 1936ರಲ್ಲಿ ಅದನ್ನು ರೆಕಾರ್ಡ್ ಮಾಡಿದ್ದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ.

ಪಾತ್ರೆ ತೊಳೆಯುವಾಗ ಏನು ಹಾಡ್ತೀರಿ?

ನರ್ಸ್‌ಗೆ ಕಾಕಾ ಮೂಲಕ ಪ್ರಶ್ನೆ ಕಳಿಸಿದೆ. ‘ಯಾವ ಹಾಡು ಬರುತ್ತೆ?’ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ದೊಡ್ಡ ಹಾಡಿನ ಹೆಸರು ಹೇಳ್ತಾರೆ. ‘ಪಾತ್ರೆ ತೊಳೆಯುವಾಗ ಬಾಯಿಗೆ ತಾನಾಗಿ ಬರೋ ಹಾಡು ಯಾವುದು?’ ಅಂತ ಕೇಳಿದೆ. 5 ಗಂಟೆಗೆ ಒಂದೇ ಸಾಲಿನ ಉತ್ತರ: ‘ಐಡ್ ರಾದರ್ ಗೋ ಬ್ಲೈಂಡ್’.

ಎಟ್ಟಾ ಜೇಮ್ಸ್ 1967ರಲ್ಲಿ ರೆಕಾರ್ಡ್ ಮಾಡಿದ ಹಾಡದು. ನಿಧಾನದ ನಡೆ, ಹಾಡಿನ ಉದ್ದಕ್ಕೂ ಎರಡೇ ಕಾರ್ಡು. ನನಗೆ ಸಮಾಧಾನ ಆಗಿದ್ದು ಇದಕ್ಕೇ. 12 ಬಾರ್‌ನ ಹಾಡಲ್ಲಿ ಹಾಡುವವರು ತಡವಾಗಿ ಎತ್ತಿಕೊಂಡರೆ ಸುತ್ತು ಮುಂದೆ ಓಡಿಹೋಗಿರುತ್ತೆ. ಎರಡು ಕಾರ್ಡಿನ ಹಾಡಲ್ಲಿ ಕಾಯಬಹುದು, ಎಷ್ಟು ಸುತ್ತು ಬೇಕಾದರೂ.

ಇನ್ನು ಹಾರ್ಮೋನಿಕಾ. ಗಿಟಾರ್ ಯಾವ ಶ್ರುತಿಗೂ ಹೊಂದಿಕೊಳ್ಳುತ್ತೆ, ಬ್ಲೂಸ್‌ನ ಚಿಕ್ಕ ಹಾರ್ಮೋನಿಕಾ ಹಾಗಲ್ಲ. ಒಂದೊಂದು ಶ್ರುತಿಗೆ ಒಂದೊಂದು ಬೇಕು. ಅದರಲ್ಲೂ ಬ್ಲೂಸ್‌ಗೆ ಸಾಮಾನ್ಯವಾಗಿ ಹಾಡಿನ ಶ್ರುತಿಯ ಮಧ್ಯಮದ ಹಾರ್ಮೋನಿಕಾ ಹಿಡಿಯುತ್ತಾರೆ: ಹಾಡು ಇ ಆದರೆ ಎ, ಜಿ ಆದರೆ ಸಿ, ಎ ಆದರೆ ಡಿ. ಆ ಹಿರಿಯರ ಪೆಟ್ಟಿಗೆಯಲ್ಲಿ ಇದ್ದದ್ದು ಎ, ಸಿ, ಡಿ ಮೂರೇ. ಅಂದ್ರೆ ನನ್ನ ಹಾಡುಗಳು ಇ, ಜಿ, ಎ ಈ ಮೂರರಲ್ಲೇ ಇರಬೇಕು.

ಕೊನೆಗೆ ಉಳಿದ ನಾಲ್ಕು

ಮೊದಲನೆಯದು ಎ ಶ್ರುತಿಯಲ್ಲಿ ಹೆಸರಿಲ್ಲದ ಒಂದು ಶಫಲ್. ಒಂದೊಂದು ಎಣಿಕೆಯನ್ನೂ ಮೂರು ತುಂಡು ಮಾಡಿ, ಮೊದಲನೆಯದನ್ನೂ ಮೂರನೆಯದನ್ನೂ ಮಾತ್ರ ಬಾರಿಸುವ ನಡೆ ಅದು. ಇದರಲ್ಲಿ ಹಾಡು ಇಲ್ಲ. ಜಾಮ್‌ನಲ್ಲಿ ಮೊದಲ ಹಾಡು ಅರ್ಧ ಸೌಂಡ್ ಚೆಕ್ಕೇ. ಡ್ರಮ್ಸ್ ಹುಡುಗನ ಭಯ ಬಿಡಲಿ, ನರ್ಸ್ ಕೂತು ನಮ್ಮನ್ನು ನೋಡಲಿ.

ಎರಡನೆಯದು ‘ಕೀ ಟು ದ ಹೈವೇ’, ಇ ಶ್ರುತಿ. ಬಿಗ್ ಬಿಲ್ ಬ್ರೂಂಜಿ 1941ರಲ್ಲಿ ರೆಕಾರ್ಡ್ ಮಾಡಿದ್ದು. 1958ರಲ್ಲಿ ಲಿಟಲ್ ವಾಲ್ಟರ್ ಹಾರ್ಮೋನಿಕಾ ಹಿಡಿದು ಹಾಡಿದರು. ಇದರ ಸುತ್ತು 8 ಬಾರ್, ಅದನ್ನು ಮೊದಲೇ ಕೂಗಿ ಹೇಳಬೇಕು. ಊರು ಬಿಟ್ಟು ಹೊರಟವನ ಹಾಡಿದು, ನಾನು ಹಾಡಿದರೆ ಸುಳ್ಳಾಗೋದಿಲ್ಲ.

ಮೂರನೆಯದು ನರ್ಸ್‌ನದು. ಕೊನೆಯದು ‘ಗಾಟ್ ಮೈ ಮೋಜೊ ವರ್ಕಿಂಗ್’, ಇ ಶ್ರುತಿ, ವೇಗದ ನಡೆ. ಮಡ್ಡಿ ವಾಟರ್ಸ್ 1960ರ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಹಾಡಿ ಜನರನ್ನು ಕುಣಿಸಿದ್ದು ಇದನ್ನೇ. ಒಬ್ಬರು ಕೂಗಿದರೆ ಬಾರಿಗೆ ಬಾರೇ ಮರುಕೂಗು ಕೊಡುತ್ತೆ.

ನಿಧಾನದ ಹಾಡು ಒಂದೇ ಯಾಕೆ? ಲೆಕ್ಕ ಹಾಕಿ. 12 ಬಾರ್ ಅಂದ್ರೆ 48 ಎಣಿಕೆ. ನಿಮಿಷಕ್ಕೆ 120ರ ವೇಗದಲ್ಲಿ ಒಂದು ಸುತ್ತಿಗೆ 24 ಸೆಕೆಂಡು, 60ರಲ್ಲಿ 48 ಸೆಕೆಂಡು. ಮೂವರು ಎರಡೆರಡು ಸುತ್ತು ಸೋಲೊ ನುಡಿಸಿದರೆ ನಿಧಾನದ ಹಾಡಲ್ಲಿ ಸೋಲೊಗೇ ಐದು ನಿಮಿಷ ಹೋಗುತ್ತೆ. ಅರ್ಧ ಗಂಟೆಯಲ್ಲಿ ಅಂಥ ಎರಡು ಹಾಡು ಇಟ್ಟರೆ ಜನ ಫೋನ್ ತೆಗೀತಾರೆ.

ರಾತ್ರಿ 8 ಗಂಟೆ

ಏಳೂವರೆಗೆ ಬಾರಿನ ಹಿಂದಿನ ಓಣಿಯಲ್ಲಿ ನರ್ಸ್ ಮೆಲ್ಲಗೆ ಹಾಡಿ ತೋರಿಸಿದಳು. ರೆಕಾರ್ಡಿನ ಎ ಶ್ರುತಿಯಲ್ಲಿ ಮೇಲಿನ ಸಾಲಿಗೆ ಗಂಟಲು ಬಿಗೀತಿತ್ತು. ಜಿಗೆ ಇಳಿಸಿದೆ, ಹೆಗಲು ಸಡಿಲಾಯ್ತು. ಹಾರ್ಮೋನಿಕಾದವರು ಸಿ ತೆಗೆದು ಜೇಬಿಗೆ ಹಾಕಿಕೊಂಡರು. ಅವರಿಗೆ ಒಂದೇ ಮಾತು ಹೇಳಿದೆ: ಆಕೆ ಹಾಡುವಾಗ ಊದಬೇಡಿ, ಸಾಲು ಮುಗಿದ ಮೇಲೆ ಊದಿ.

ಮೊದಲ ಎರಡು ಹಾಡು ನೆಟ್ಟಗೆ ನಡೆದವು. ಮೂರನೇದಕ್ಕೆ ಆಕೆ ಮೈಕಿನ ಸ್ಟ್ಯಾಂಡನ್ನೇ ನೋಡ್ತಾ ಮೊದಲ ಚರಣ ಹಾಡಿದಳು. ಎರಡನೇ ಚರಣಕ್ಕೆ ಎತ್ತಿಕೊಳ್ಳಲೇ ಇಲ್ಲ. ಕಾಕಾ ನನ್ನ ಕಡೆ ನೋಡಿದರು. ನಾನು ಬೆರಳು ತಿರುಗಿಸಿದೆ, ಅಂದ್ರೆ ಇನ್ನೊಂದು ಸುತ್ತು. ಎರಡು ಕಾರ್ಡು, ಮತ್ತೆ ಎರಡು ಕಾರ್ಡು. ಮೂರನೇ ಸುತ್ತಿಗೆ ದನಿ ಬಂತು, ಮೊದಲಿಗಿಂತ ದೊಡ್ಡದಾಗಿ. ಬಾರಿನ ಮಾತು ಇಳಿಯಿತು. ಕೂತಿದ್ದವರಿಗೆ ನಾವು ಕಾದದ್ದು ಗೊತ್ತೇ ಆಗಲಿಲ್ಲ, ಬೇಕಂತಲೇ ಬಿಟ್ಟ ಜಾಗ ಅಂದುಕೊಂಡರು.

ಕೊನೆಯ ಹಾಡಲ್ಲಿ ಡ್ರಮ್ಸ್ ಹುಡುಗ ಉತ್ಸಾಹಕ್ಕೆ ಓಡಿದ, ನಾವೆಲ್ಲ ಅವನ ಹಿಂದೆ ಓಡಿದೆವು. ಇಳಿದು ಬಂದಾಗ ಕಾಕಾ ಹೇಳಿದ್ದು ಇಷ್ಟೇ: “ಯಾರೂ ದಾರಿ ತಪ್ಪಲಿಲ್ಲ.” ಜಾಮ್‌ನಲ್ಲಿ ಅದು ದೊಡ್ಡ ಸರ್ಟಿಫಿಕೇಟು. ಮುಂದಿನ ಬುಧವಾರ ನಾನು ಹೋಗೋ ಹೊತ್ತಿಗೆ ಹಾಳೆಯಲ್ಲಿ ಆ ನರ್ಸ್‌ನ ಹೆಸರು ಮೊದಲೇ ಇತ್ತು.

ನಿಮ್ಮ ಫೋನಿನಲ್ಲಿರಲಿ

ನೀವು ಗಿಟಾರೋ ಕೀಬೋರ್ಡೋ ಕಲಿಯುತ್ತಿದ್ದರೆ, ಬೆಂಗಳೂರೋ ಬರ್ಲಿನ್ನೋ, ಇಂಥ ಕರೆ ಒಂದು ದಿನ ಬರುತ್ತೆ. ಹತ್ತೇ ಹಾಡಿನ ಒಂದು ಪಟ್ಟಿ ಇಟ್ಟುಕೊಳ್ಳಿ. ಪ್ರತಿ ಹಾಡಿನ ಮುಂದೆ ಐದು ವಿಷಯ ಬರೆಯಿರಿ: ಶ್ರುತಿ, ಎಷ್ಟು ಬಾರ್‌ನ ಸುತ್ತು, ಯಾವ ನಡೆ, ಯಾರು ಶುರು ಮಾಡಬೇಕು, ಹೇಗೆ ಮುಗಿಸಬೇಕು. ವೇದಿಕೆಯ ಮೇಲೆ ಈ ಐದನ್ನೂ ಹತ್ತು ಸೆಕೆಂಡಿನಲ್ಲಿ ಹೇಳೋಕಾಗದ ಹಾಡನ್ನು ಅವತ್ತಿಗೆ ಬಿಟ್ಟುಬಿಡಿ.

ಎರಡು ಕಾರ್ಡಿನ ಒಂದು ಹಾಡು ಆ ಹತ್ತರಲ್ಲಿ ಇದ್ದೇ ಇರಲಿ. ಮತ್ತೆ, ಹಾಡು ಶುರು ಮಾಡೋ ಮುಂಚೆ ಅದನ್ನು ಹಿಂದೆ ಹಾಡಿದವರ ಹೆಸರು ಹೇಳಿ. ಕಾಕಾನ ಜಾಮ್‌ನಲ್ಲಿ ಅದು ಕಡ್ಡಾಯ, ಐದು ಸೆಕೆಂಡೂ ಹಿಡಿಯಲ್ಲ.